ವಿಶ್ವಸಂಸ್ಥೆ ಇದ್ದೂ ಯುದ್ಧವೇಕೆ?

ಕಳೆದ ಭಾನುವಾರದ ದಿವ್ಯ ಬಲಿಪೂಜೆಯಲ್ಲಿ, ವಿಶ್ವಾಸಿಗಳ ಪ್ರಾರ್ಥನೆಯ ಹೊತ್ತಿಗೆ, ಎಂದಿನಂತೆ ಯುದ್ಧಪೀಡಿತ ನಾಡುಗಳಿಗಾಗಿ ಬಿನ್ನಹವೊಂದನ್ನು ಓದಲಾಯಿತು. ಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ದೇವಾಲಯದ ಮೆಟ್ಟಿಲಲ್ಲಿ ನಮ್ಮನ್ನು ತಡೆದು ನಿಲ್ಲಿಸಿದರು. "ಸ್ವಾಮಿ, ಚಿಕ್ಕಂದಿನಿಂದಲೂ ಈ ಪ್ರಾರ್ಥನೆ ಹೇಳುತ್ತಲೇ ಬಂದಿದ್ದೇವೆ. ದೇವರ ಚಿತ್ತ ನಮಗೆ ತಿಳಿಯದು, ಅದಿರಲಿ. ಮನುಷ್ಯರೇ ಕಟ್ಟಿದ ವಿಶ್ವಸಂಸ್ಥೆ ಎಂಬುದೊಂದು ಇದೆಯಲ್ಲ, ಅದು ಮಾಡುವುದಾದರೂ ಏನು?" ಎಂದರು. ಅವರ ಮಗ ಕೊಲ್ಲಿ ನಾಡಿನಲ್ಲಿ ದುಡಿಯುತ್ತಾನೆ. ಆ ದಿಕ್ಕಿನ ಆಕಾಶದಲ್ಲಿ ಕ್ಷಿಪಣಿ ಹಾರಿದ ಸುದ್ದಿ ಬಂದ ರಾತ್ರಿ ಆ ಮನೆಯಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ. ಆದ್ದರಿಂದ ಅದು ಕಾಲಹರಣದ ಪ್ರಶ್ನೆಯಾಗಿರಲಿಲ್ಲ. ಮೆಟ್ಟಿಲ ಮೇಲೆ ನಿಂತು ಕೊಡಬಹುದಾದ ಉತ್ತರವೂ ನಮ್ಮಲ್ಲಿರಲಿಲ್ಲ. ಈ ವಾರದ ಅಂಕಣವನ್ನು ಅವರಿಗೂ, ಅವರಂತೆಯೇ ಮನಸ್ಸಿನಲ್ಲಿ ಕೇಳಿಕೊಳ್ಳುತ್ತಿರುವ ಇತರ ಕುಟುಂಬಗಳಿಗೂ ಮೀಸಲಿಡುತ್ತಿದ್ದೇವೆ.

ವಿಶ್ವಸಂಸ್ಥೆಯ ಸನ್ನದು ಸಿದ್ಧವಾದದ್ದು ಅಸ್ಸಿಸಿಯ ಸಂತ ಫ್ರಾನ್ಸಿಸರ ಹೆಸರು ಹೊತ್ತ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ. 1945ರ ಏಪ್ರಿಲ್ 25ರಂದು ಅಲ್ಲಿ ಪ್ರತಿನಿಧಿಗಳು ಸೇರಿದಾಗ ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಜೂನ್ 26ರಂದು 50 ರಾಷ್ಟ್ರಗಳು ಸನ್ನದಿಗೆ ರುಜು ಹಾಕಿದವು. ಪೋಲೆಂಡ್ ಅನಂತರ ಸೇರಿ ಮೂಲ ಸದಸ್ಯರ ಸಂಖ್ಯೆ 51 ಆಯಿತು. ಅಕ್ಟೋಬರ್ 24ರಂದು ಸನ್ನದು ಜಾರಿಗೆ ಬಂದಿತು. ಭಾರತ ಆಗಿನ್ನೂ ಪರತಂತ್ರ. ಆದರೂ ಮೂಲ ಸದಸ್ಯರಲ್ಲಿ ಅದೂ ಒಂದು. ಭಾರತದ ಪರವಾಗಿ ರುಜು ಹಾಕಿದವರು ಸರ್ ಎ. ರಾಮಸ್ವಾಮಿ ಮುದಲಿಯಾರ್. ಮರುವರ್ಷ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮೊದಲ ಅಧ್ಯಕ್ಷರಾದ ಅವರೇ ಅದೇ ಸುಮಾರಿಗೆ ಮೈಸೂರು ಸಂಸ್ಥಾನದ ದಿವಾನರೂ ಆಗಿ 1949ರವರೆಗೆ ಆ ಸ್ಥಾನದಲ್ಲಿದ್ದರು ಎಂಬುದನ್ನು ನಮ್ಮ ಹಿರಿಯ ಓದುಗರು ಬಲ್ಲರು.

ಉದ್ದೇಶವೇನು? ಸನ್ನದಿನ ಮೊದಲನೆಯ ವಿಧಿಯೇ ಅದನ್ನು ಹೇಳುತ್ತದೆ. ಅಂತಾರಾಷ್ಟ್ರೀಯ ಶಾಂತಿ ಹಾಗೂ ಭದ್ರತೆಯನ್ನು ಕಾಪಾಡುವುದು. ಜನತೆಗಳ ಸಮಾನ ಹಕ್ಕಿನ ತಳಹದಿಯ ಮೇಲೆ ರಾಷ್ಟ್ರಗಳ ನಡುವೆ ಸ್ನೇಹ ಬೆಳೆಸುವುದು. ಹಸಿವು, ರೋಗ, ಅಜ್ಞಾನಗಳಂತಹ ಸಮಸ್ಯೆಗಳನ್ನು ಕೂಡಿ ಎದುರಿಸುವುದು. ಇವೆಲ್ಲಕ್ಕೂ ರಾಷ್ಟ್ರಗಳು ಸೇರುವ ಕೇಂದ್ರವಾಗಿ ನಿಲ್ಲುವುದು. ಇಲ್ಲಿ ಗಮನಿಸಬೇಕಾದದ್ದು, ಗುಂಡಿನ ಸದ್ದು ನಿಂತರೆ ಶಾಂತಿ ಬಂದಂತೆ ಎಂದು ಸನ್ನದು ಬರೆದವರು ಭಾವಿಸಲಿಲ್ಲ. ಸಂತ ಅಗಸ್ಟೀನರು ಹದಿನಾರು ಶತಮಾನಗಳ ಹಿಂದೆಯೇ ಶಾಂತಿಯನ್ನು ಸುವ್ಯವಸ್ಥೆಯಿಂದ ಹುಟ್ಟುವ ನೆಮ್ಮದಿ ಎಂದು ಕಂಡಿದ್ದರು. ವ್ಯವಸ್ಥೆ ಕೆಟ್ಟಲ್ಲಿ ಸದ್ದಿಲ್ಲದಿರಬಹುದು, ನೆಮ್ಮದಿ ಇರದು. ಜಾಗದ ತಕರಾರಿನಿಂದ ಮಾತು ಬಿಟ್ಟ ಅಣ್ಣತಮ್ಮಂದಿರ ಮನೆಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ದೊಡ್ಡ ಉದ್ದೇಶವನ್ನು ಹೊರಲು ಆರು ಅಂಗಗಳನ್ನು ರಚಿಸಲಾಯಿತು. ಮಹಾಸಭೆಯಲ್ಲಿ ಈಗಿರುವ 193 ರಾಷ್ಟ್ರಗಳಿಗೂ ಒಂದೊಂದೇ ಮತ; ಅಲ್ಲಿ ಚೀನಾ ಮತ್ತು ಪುಟ್ಟ ತುವಾಲು ಸರಿಸಮಾನ. ಆದರೆ ಮಹಾಸಭೆಯ ನಿರ್ಣಯಗಳು ಬಹುಮಟ್ಟಿಗೆ ಶಿಫಾರಸುಗಳೇ ಹೊರತು ಆಜ್ಞೆಗಳಲ್ಲ. ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯಲ್ಲಿ 54 ಸದಸ್ಯರು. ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ಒಂಬತ್ತು ವರ್ಷಗಳ ಅವಧಿಗೆ ಆಯ್ಕೆಯಾದ 15 ನ್ಯಾಯಾಧೀಶರು. ಪರಾಧೀನ ಪ್ರದೇಶಗಳನ್ನು ನೋಡಿಕೊಳ್ಳಲು ಹುಟ್ಟಿದ ಧರ್ಮದರ್ಶಿ ಮಂಡಳಿ, ಕೊನೆಯ ಪ್ರದೇಶವಾದ ಪಲಾವ್ ಸ್ವತಂತ್ರವಾದ ಮೇಲೆ, 1994ರಲ್ಲಿ ತನ್ನ ಕೆಲಸ ನಿಲ್ಲಿಸಿತು; ಕೆಲಸ ಮುಗಿಯಿತೆಂದು ಬಾಗಿಲು ಹಾಕಿಕೊಂಡ ಸಮಿತಿ ಲೋಕದಲ್ಲಿ ಅಪರೂಪ. ಐದನೆಯದು ಪ್ರಧಾನ ಕಾರ್ಯದರ್ಶಿಯ ಕೆಳಗಿನ ಕಾರ್ಯಾಲಯ. ಆರನೆಯದು ಭದ್ರತಾ ಮಂಡಳಿ. ಹಿರಿಯರ ಪ್ರಶ್ನೆಯ ಗಂಟು ಇರುವುದು ಇಲ್ಲಿಯೇ.

ಭದ್ರತಾ ಮಂಡಳಿಯಲ್ಲಿ 15 ಸ್ಥಾನಗಳು. ಅಮೆರಿಕ, ರಷ್ಯಾ, ಚೀನಾ, ಬ್ರಿಟನ್ ಮತ್ತು ಫ್ರಾನ್ಸ್ ಶಾಶ್ವತ ಸದಸ್ಯರು. ಉಳಿದ ಹತ್ತು ರಾಷ್ಟ್ರಗಳು ಎರಡು ವರ್ಷಕ್ಕೆಂದು ಚುನಾಯಿತವಾಗುವವು. ಭಾರತ ಇದುವರೆಗೆ ಎಂಟು ಬಾರಿ ಹೀಗೆ ಕುಳಿತಿದೆ; ಕೊನೆಯದು 2021–22ರಲ್ಲಿ. ಸದಸ್ಯ ರಾಷ್ಟ್ರಗಳೆಲ್ಲವನ್ನೂ ಕಟ್ಟಿಹಾಕುವ ತೀರ್ಮಾನ ಕೈಗೊಳ್ಳುವ ಅಧಿಕಾರ ಈ ಮಂಡಳಿಗುಂಟು. ಅದಕ್ಕೆ ಒಂಬತ್ತು ಮತಗಳು ಬೇಕು; ಆದರೆ ಐವರಲ್ಲಿ ಒಬ್ಬರು ವಿರುದ್ಧ ಮತ ಹಾಕಿದರೂ ನಿರ್ಣಯ ಬಿದ್ದುಹೋಗುತ್ತದೆ. ಇದೇ ವೀಟೋ. 2022ರ ಫೆಬ್ರವರಿ 25ರಂದು ಉಕ್ರೇನಿನ ಮೇಲಿನ ದಾಳಿಯನ್ನು ಖಂಡಿಸುವ ನಿರ್ಣಯವನ್ನು ರಷ್ಯಾ ಹೀಗೆಯೇ ತಡೆಯಿತು. 2023ರ ಡಿಸೆಂಬರ್ 8ರಂದು ಗಾಜಾದಲ್ಲಿ ಕದನವಿರಾಮ ಕೋರಿದ ನಿರ್ಣಯಕ್ಕೆ 13 ಮತಗಳು ಬಿದ್ದರೂ ಅಮೆರಿಕದ ಒಂದು ಮತ ಅದನ್ನು ಕೆಡವಿತು. ಆರೋಪಿಯೇ ತೀರ್ಪುಗಾರರ ಪೀಠದಲ್ಲಿ ಕುಳಿತು ತೀರ್ಪನ್ನು ಹರಿದು ಹಾಕಬಲ್ಲ ಈ ಏರ್ಪಾಡನ್ನು ನ್ಯಾಯವೆಂದು ಯಾವ ತತ್ತ್ವಶಾಸ್ತ್ರದಿಂದಲೂ ಸಮರ್ಥಿಸಲಾಗದು.

ಹಾಗಾದರೆ ಅದನ್ನು ಒಪ್ಪಿದ್ದೇಕೆ? ಮೊದಲ ಮಹಾಯುದ್ಧದ ನಂತರ ಹುಟ್ಟಿದ ರಾಷ್ಟ್ರಸಂಘಕ್ಕೆ ಅಮೆರಿಕ ಸೇರಲೇ ಇಲ್ಲ. ಜಪಾನ್, ಜರ್ಮನಿ, ಇಟಲಿಗಳು ಸಿಟ್ಟಾದೊಡನೆ ಎದ್ದು ಹೊರನಡೆದವು. ಬಲಾಢ್ಯರು ಒಳಗಿರಬೇಕಾದರೆ ಅವರಿಗೆ ಈ ಬೆಲೆ ತೆರಬೇಕೆಂದು 1945ರಲ್ಲಿ ಲೆಕ್ಕ ಹಾಕಲಾಯಿತು. ಒಬ್ಬರು ಗೈರಾದರೆ ಏನಾಗುತ್ತದೆಂಬುದಕ್ಕೆ 1950ರ ಜೂನ್ ಸಾಕ್ಷಿ. ಚೀನಾದ ಸ್ಥಾನದ ವಿವಾದದಿಂದ ಮುನಿದು ಸೋವಿಯತ್ ಒಕ್ಕೂಟ ಮಂಡಳಿಯನ್ನು ಬಹಿಷ್ಕರಿಸಿತ್ತು. ಆ ಹೊತ್ತಿಗೇ ಕೊರಿಯಾದಲ್ಲಿ ಯುದ್ಧ ಸಿಡಿಯಿತು. ತಡೆಯುವವರಿಲ್ಲದೆ ನಿರ್ಣಯ ಅಂಗೀಕೃತವಾಯಿತು. ಆ ತಿಂಗಳು ಮಂಡಳಿಯ ಅಧ್ಯಕ್ಷಪೀಠದಲ್ಲಿದ್ದವರು ನಮ್ಮ ಕರಾವಳಿಯ ಬೆನೆಗಲ್ ಮನೆತನದ ಸರ್ ಬಿ. ಎನ್. ರಾವ್. ನಮ್ಮ ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದವರೂ ಅವರೇ. 1952ರಲ್ಲಿ ಹೇಗ್ ನ್ಯಾಯಾಲಯದ ನ್ಯಾಯಾಧೀಶರಾಗಿ ಮರುವರ್ಷವೇ ತೀರಿಕೊಂಡರು. ನಮ್ಮ ಮಕ್ಕಳಲ್ಲಿ ಎಷ್ಟು ಜನ ಈ ಹೆಸರನ್ನು ಕೇಳಿದ್ದಾರೋ ತಿಳಿಯದು.

ಇನ್ನು ಸೈನ್ಯದ ಮಾತು. ವಿಶ್ವಸಂಸ್ಥೆಗೆ ಸ್ವಂತ ಸೈನ್ಯವಿಲ್ಲ. ಸದಸ್ಯ ರಾಷ್ಟ್ರಗಳು ಒಪ್ಪಂದ ಮಾಡಿಕೊಂಡು ಸೈನ್ಯ ಒದಗಿಸಬೇಕೆಂದು ಸನ್ನದಿನ 43ನೆಯ ವಿಧಿ ಹೇಳಿತ್ತು; ಅಂತಹ ಒಪ್ಪಂದ ಒಂದೂ ಆಗಲಿಲ್ಲ. ಇಂದು ನಾವು ಚಿತ್ರಗಳಲ್ಲಿ ಕಾಣುವ ನೀಲಿ ಶಿರಸ್ತ್ರಾಣದ ಶಾಂತಿಪಾಲನಾ ಪಡೆಯ ಹೆಸರು ಸನ್ನದಿನಲ್ಲಿ ಎಲ್ಲಿಯೂ ಇಲ್ಲ. ಅದು ಅನಿವಾರ್ಯತೆಯ ಶಿಶು. 1948ರಲ್ಲಿ ಪ್ಯಾಲೆಸ್ತೀನಿಗೂ, 1949ರ ಆರಂಭದಲ್ಲಿ ಕಾಶ್ಮೀರಕ್ಕೂ ನಿರಾಯುಧ ವೀಕ್ಷಕರು ಹೋದರು. 1956ರಲ್ಲಿ ಸೂಯೆಜ್ ಕಾಲುವೆಯ ಯುದ್ಧ ನಡೆದಾಗ ಕೆನಡಾದ ಲೆಸ್ಟರ್ ಪಿಯರ್ಸನ್ ಮತ್ತು ಪ್ರಧಾನ ಕಾರ್ಯದರ್ಶಿ ಡ್ಯಾಗ್ ಹಮರ್‌ಶೋಲ್ಡ್ ಅವರು ಸೇರಿ ಮೊದಲ ಸಶಸ್ತ್ರ ಪಡೆಯನ್ನು ರೂಪಿಸಿದರು. ಗುರುತಿಗಾಗಿ ನೀಲಿ ಟೊಪ್ಪಿಗೆಗಳನ್ನು ಹೊಲಿಸಲು ಸಮಯವಿರಲಿಲ್ಲವಾಗಿ, ಇದ್ದ ಶಿರಸ್ತ್ರಾಣಗಳಿಗೇ ನೀಲಿ ಬಣ್ಣ ಹೊಡೆದು ಕಳುಹಿಸಿದರು. ಆ ಬಣ್ಣವೇ ಮುಂದೆ ಗುರುತಾಯಿತು.

ಈ ಪಡೆಯ ಸೈನಿಕನಿಗೆ ಶತ್ರುವಿಲ್ಲ. ಜಗಳವಾಡುವ ಪಕ್ಷಗಳು ಒಪ್ಪಿದರೆ ಮಾತ್ರ ಅವನು ಹೋಗುತ್ತಾನೆ. ಯಾರ ಪಕ್ಷವನ್ನೂ ವಹಿಸಕೂಡದು. ಆತ್ಮರಕ್ಷಣೆಗೆ ಮತ್ತು ವಹಿಸಿದ ಹೊಣೆಯ ರಕ್ಷಣೆಗೆ ಹೊರತು ಬಂದೂಕು ಎತ್ತಕೂಡದು. ಗೆಲ್ಲಲು ತರಬೇತಾದವನಿಗೆ ಗೆಲ್ಲಬೇಡ, ನಡುವೆ ನಿಲ್ಲು ಎಂದು ಹೇಳುವುದು ಸಣ್ಣ ಮಾತಲ್ಲ. ಒಪ್ಪಿಗೆಯ ಈ ನಿಯಮಕ್ಕೆ ಎರಡು ಅಲಗು. 1967ರ ಮೇ ತಿಂಗಳಲ್ಲಿ ಈಜಿಪ್ಟ್ ಹೋಗಿರೆಂದಿತು, ಪಡೆ ಹೊರಟಿತು; ಜೂನ್ 5ರಂದು ಯುದ್ಧ ಆರಂಭವಾಯಿತು.

ನಡುವೆ ನಿಲ್ಲುವುದೆಂದರೇನೆಂದು ತಿಳಿಯಬೇಕಾದರೆ ಮಡಿಕೇರಿಯ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಬದುಕನ್ನು ನೋಡಬೇಕು. 1953ರಲ್ಲಿ ಕೊರಿಯಾದ ಕದನ ನಿಂತಾಗ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳು ತಮ್ಮ ನಾಡಿಗೆ ಮರಳಲು ಒಲ್ಲೆವೆಂದರು. ಅವರ ಇಚ್ಛೆ ನಿಜವೋ ಬಲವಂತದ್ದೋ ಎಂದು ವಿಚಾರಿಸಲು ತಟಸ್ಥ ರಾಷ್ಟ್ರಗಳ ಆಯೋಗವೊಂದು ರಚನೆಯಾಗಿ, ತಿಮ್ಮಯ್ಯನವರು ಅದರ ಅಧ್ಯಕ್ಷರಾದರು. ಇದು ಕದನವಿರಾಮ ಒಪ್ಪಂದದಿಂದ ಹುಟ್ಟಿದ ಆಯೋಗ, ವಿಶ್ವಸಂಸ್ಥೆಯ ಪಡೆಯಲ್ಲ. ಐದು ರಾಷ್ಟ್ರಗಳಲ್ಲಿ ಎರಡು ಒಂದು ಕಡೆಗೂ ಎರಡು ಮತ್ತೊಂದು ಕಡೆಗೂ ವಾಲಿದ್ದುದರಿಂದ ನಿರ್ಣಾಯಕ ಮತ ಭಾರತದ್ದೇ. ಎರಡೂ ಕಡೆಯವರ ಬೈಗುಳವನ್ನು ಸಮನಾಗಿ ತಿಂದದ್ದೇ ಅವರ ನಿಷ್ಪಕ್ಷಪಾತಕ್ಕೆ ಪ್ರಮಾಣ. ಕೊನೆಗೆ, ಉತ್ತರಕ್ಕೂ ಬೇಡ ದಕ್ಷಿಣಕ್ಕೂ ಬೇಡ ಎಂದ ಎಂಬತ್ತಕ್ಕೂ ಹೆಚ್ಚು ಕೈದಿಗಳು ಭಾರತದ ಪಡೆಯೊಡನೆ ನಮ್ಮ ದೇಶಕ್ಕೇ ಬಂದರು.

ಭೂಸೇನೆಯ ಮುಖ್ಯಸ್ಥರಾಗಿ 1961ರಲ್ಲಿ ನಿವೃತ್ತರಾದ ತಿಮ್ಮಯ್ಯನವರಿಗೆ ಮತ್ತೊಮ್ಮೆ ಕರೆ ಬಂದಿತು. ಈ ಬಾರಿ ಸೈಪ್ರಸ್. ಸಂತ ಬಾರ್ನಬರ ತವರು. ಸಂತ ಪೌಲರು ತಮ್ಮ ಮೊದಲ ಪ್ರೇಷಿತ ಯಾತ್ರೆಯಲ್ಲಿ ಇಳಿದ ದ್ವೀಪ. ಅಲ್ಲಿ ಗ್ರೀಕ್ ಮತ್ತು ತುರ್ಕಿ ಜನರ ನಡುವೆ ನೆತ್ತರು ಹರಿಯತೊಡಗಿದಾಗ, 1964ರ ಮಾರ್ಚ್ 4ರಂದು ಭದ್ರತಾ ಮಂಡಳಿ ಮೂರು ತಿಂಗಳ ಅವಧಿಗೆ ಪಡೆಯೊಂದನ್ನು ಕಳುಹಿಸಲು ತೀರ್ಮಾನಿಸಿತು. ಮೊದಲ ದಂಡನಾಯಕರು ಭಾರತದವರೇ ಆದ ಲೆಫ್ಟಿನೆಂಟ್ ಜನರಲ್ ಗ್ಯಾನಿ; ಅವರ ನಂತರ ಜುಲೈನಲ್ಲಿ ತಿಮ್ಮಯ್ಯನವರು. 1965ರ ಡಿಸೆಂಬರ್ 18ರಂದು, ಕ್ರಿಸ್ತಜಯಂತಿಗೆ ಒಂದು ವಾರವಿರುವಾಗ, ಕರ್ತವ್ಯದಲ್ಲಿದ್ದಾಗಲೇ ಅವರು ಹೃದಯಾಘಾತದಿಂದ ನಿಧನ ಹೊಂದಿದರು. ಮರುವರ್ಷ ಸೈಪ್ರಸ್ ಅವರ ನೆನಪಿಗಾಗಿ ಅಂಚೆಚೀಟಿ ಹೊರತಂದಿತು. ಆ ದ್ವೀಪದ ಲಾರ್ನಾಕ ಪಟ್ಟಣದಲ್ಲಿ ಅವರ ಹೆಸರಿನ ಹೆದ್ದಾರಿಯೇ ಇದೆ. ಮಡಿಕೇರಿಯ ಅವರ ಮನೆ ‘ಸನ್ನಿಸೈಡ್’ 2021ರಲ್ಲಿ ವಸ್ತುಸಂಗ್ರಹಾಲಯವಾಗಿದೆ. ರಜೆಯಲ್ಲಿ ಕೊಡಗಿಗೆ ಹೋಗುವ ಕುಟುಂಬಗಳು ಅಬ್ಬಿ ಜಲಪಾತದೊಂದಿಗೆ ಅದನ್ನೂ ನೋಡಿ ಬರಬಹುದು.

1948ರಿಂದೀಚೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಶಾಂತಿಪಾಲಕರು ಪ್ರಾಣ ತೆತ್ತಿದ್ದಾರೆ. ಅವರಲ್ಲಿ ಸುಮಾರು 180 ಮಂದಿ ಭಾರತೀಯರು. ಬೇರಾವ ದೇಶವೂ ಇಷ್ಟು ಜನರನ್ನು ಕಳೆದುಕೊಂಡಿಲ್ಲ. ಪ್ರಧಾನ ಕಾರ್ಯದರ್ಶಿ ಹಮರ್‌ಶೋಲ್ಡ್ ಅವರೇ 1961ರ ಸೆಪ್ಟೆಂಬರಿನಲ್ಲಿ ಕಾಂಗೋದ ಸಂಧಾನಕ್ಕೆ ಹೊರಟಿದ್ದಾಗ ವಿಮಾನ ಉರುಳಿ ಮಡಿದರು. ಇನ್ನು ಖರ್ಚಿನ ಲೆಕ್ಕ. 2024–25ರಲ್ಲಿ ಎಲ್ಲ ಶಾಂತಿಪಾಲನಾ ಪಡೆಗಳಿಗೆ ಮಂಜೂರಾದದ್ದು ಸುಮಾರು 560 ಕೋಟಿ ಡಾಲರ್. 2024ರಲ್ಲಿ ಜಗತ್ತು ಸೈನ್ಯಗಳಿಗೆ ಸುರಿದದ್ದು ಸುಮಾರು 2.7 ಲಕ್ಷ ಕೋಟಿ ಡಾಲರ್. ಸಾವಿರ ಡಾಲರಿಗೆ ಎರಡು ಡಾಲರ್! ವಿಶ್ವಸಂಸ್ಥೆ ಏನು ಮಾಡುತ್ತಿದೆ ಎಂದು ಕೇಳುವವರು ಈ ಅಂಕಿಗಳನ್ನೂ ಪಕ್ಕದಲ್ಲಿಟ್ಟುಕೊಂಡು ಕೇಳಬೇಕು.

ಅದು ಗೆದ್ದದ್ದೂ ಉಂಟು. ಗೆದ್ದದ್ದು ಸುದ್ದಿಯಾಗುವುದಿಲ್ಲ, ಅಷ್ಟೇ. ಆಫ್ರಿಕದ ಮೊಜಾಂಬಿಕ್‌ನಲ್ಲಿ ಸುಮಾರು 16 ವರ್ಷ ನಡೆದ ಅಂತರ್ಯುದ್ಧದಲ್ಲಿ ಹತ್ತು ಲಕ್ಷದಷ್ಟು ಜನ ಸತ್ತರು. ಸರಕಾರವನ್ನೂ ಬಂಡುಕೋರರನ್ನೂ ಒಂದೇ ಮೇಜಿಗೆ ಕರೆತಂದದ್ದು ಯಾವ ಬಲಾಢ್ಯ ರಾಷ್ಟ್ರವೂ ಅಲ್ಲ, ರೋಮಿನ ಶ್ರೀಸಾಮಾನ್ಯ ವಿಶ್ವಾಸಿಗಳ ಸಾಂತ್ ಎಜಿದಿಯೊ ಸಮುದಾಯ. ಬೈರಾ ಮಹಾಧರ್ಮಾಧ್ಯಕ್ಷ ಜೈಮೆ ಗೊನ್ಸಾಲ್ವೆಸ್ ಅವರೂ, ಇಂದು ಕಾರ್ಡಿನಲರಾಗಿರುವ ಅಂದಿನ ಕಿರಿಯ ಗುರು ಮತ್ತೆಯೊ ಜುಪ್ಪಿ ಅವರೂ ಸಂಧಾನಕಾರರಲ್ಲಿದ್ದರು. ಎರಡು ವರ್ಷಕ್ಕೂ ಮೀರಿದ ಮಾತುಕತೆಯ ನಂತರ 1992ರ ಅಕ್ಟೋಬರ್ 4ರಂದು, ಸಂತ ಫ್ರಾನ್ಸಿಸರ ಹಬ್ಬದ ದಿನವೇ, ಒಪ್ಪಂದಕ್ಕೆ ರುಜು ಬಿದ್ದಿತು. ಆದರೆ ರುಜು ಹಾಕಿದ ಕಾಗದ ಬಂದೂಕನ್ನು ಕೆಳಗಿಡಿಸುವುದಿಲ್ಲ. ಆ ಕೆಲಸಕ್ಕೆ ವಿಶ್ವಸಂಸ್ಥೆಯ ಪಡೆ ಹೋಯಿತು. ಅದರಲ್ಲಿ ಭಾರತದ ಸೈನಿಕರೂ ಇದ್ದರು. 1994ರ ಅಕ್ಟೋಬರಿನಲ್ಲಿ ಚುನಾವಣೆ ನಡೆಯಿತು, ಡಿಸೆಂಬರಿಗೆ ಪಡೆಯ ಕಾರ್ಯಾವಧಿ ಮುಗಿಯಿತು. ವಿಶ್ವಾಸಿಗಳ ತಾಳ್ಮೆ ಮತ್ತು ವಿಶ್ವಸಂಸ್ಥೆಯ ವ್ಯವಸ್ಥೆ ಒಂದನ್ನೊಂದು ಹೀಗೆ ಪೂರೈಸಿದ ಉದಾಹರಣೆಯನ್ನು ನಾವು ಬೇರೆ ಕಾಣೆವು.

ಅದೇ 1994ರಲ್ಲಿ, ಅದೇ ಖಂಡದಲ್ಲಿ, ರುವಾಂಡವೂ ನಡೆಯಿತು. ಇದನ್ನು ಬರೆಯುವುದು ನಮಗೆ ಸುಲಭವಲ್ಲ. ಏಪ್ರಿಲ್ 7ರಂದು ಹತ್ತು ಮಂದಿ ಬೆಲ್ಜಿಯಂ ಸೈನಿಕರನ್ನು ಕೊಲ್ಲಲಾಯಿತು. ಬೆಲ್ಜಿಯಂ ತನ್ನ ಪಡೆಯನ್ನು ಹಿಂದೆಗೆಯಿತು. ರಾಜಧಾನಿ ಕಿಗಾಲಿಯಲ್ಲಿ ಸಲೇಸಿಯನ್ ಗುರುಗಳು ನಡೆಸುತ್ತಿದ್ದ ತಾಂತ್ರಿಕ ಶಾಲೆಯೊಂದರಲ್ಲಿ ಸುಮಾರು ಎರಡು ಸಾವಿರ ಜನ ನೀಲಿ ಬಾವುಟದ ನೆರಳಿನಲ್ಲಿ ಆಶ್ರಯ ಪಡೆದಿದ್ದರು. ಏಪ್ರಿಲ್ 11ರಂದು ವಿದೇಶೀಯರನ್ನು ಪಾರುಮಾಡಲು ಸೈನಿಕರು ಲಾರಿ ಹತ್ತಿ ಹೊರಟರು. ಗೇಟಿನ ಹೊರಗೆ ಕತ್ತಿ ಹಿಡಿದವರು ಕಾಯುತ್ತಲೇ ಇದ್ದರು. ಆಶ್ರಿತರಲ್ಲಿ ಹೆಚ್ಚಿನವರು ಅಂದೇ ಹತರಾದರು. ಪಡೆಯ ದಂಡನಾಯಕ, ಕೆನಡಾದ ಜನರಲ್ ಡಲ್ಲೇರ್, ಹೆಚ್ಚು ಸೈನಿಕರನ್ನು ಬೇಡುತ್ತಿದ್ದರು. ಏಪ್ರಿಲ್ 21ರಂದು ಭದ್ರತಾ ಮಂಡಳಿ ಪಡೆಯನ್ನು 270ಕ್ಕೆ ಇಳಿಸಲು ನಿರ್ಣಯಿಸಿತು. ಆ ವರ್ಷ ರುವಾಂಡದ ಸರಕಾರದ ಪ್ರತಿನಿಧಿಯೇ ಮಂಡಳಿಯ ಸದಸ್ಯನಾಗಿ ಕುಳಿತಿದ್ದ. ನೂರು ದಿನಗಳಲ್ಲಿ ಸುಮಾರು ಎಂಟು ಲಕ್ಷ ಜನರ ಹತ್ಯೆಯಾಯಿತು. ಮರುವರ್ಷ ಜುಲೈನಲ್ಲಿ ಬೋಸ್ನಿಯಾದ ಸ್ರೆಬ್ರೆನಿತ್ಸಾ, ವಿಶ್ವಸಂಸ್ಥೆಯೇ ಸುರಕ್ಷಿತವೆಂದು ಸಾರಿದ್ದ ಪಟ್ಟಣ. ಅಲ್ಲಿ ಸುಮಾರು ಎಂಟು ಸಾವಿರ ಮುಸ್ಲಿಂ ಗಂಡಸರು ಮತ್ತು ಹುಡುಗರು.

ಇಲ್ಲಿ ವಿಶ್ವಸಂಸ್ಥೆಯ ಕಡೆಗೆ ಬೆರಳು ತೋರಿಸಿ ಸುಮ್ಮನಾಗಲು ನಮ್ಮ ಅಂತಃಸಾಕ್ಷಿ ಬಿಡದು. ರುವಾಂಡದ ಬಹುಪಾಲು ಜನ ಆಗ ಸ್ನಾನದೀಕ್ಷೆ ಪಡೆದ ಕಥೋಲಿಕರಾಗಿದ್ದರು. ಕೊಂದವರೂ ಸತ್ತವರೂ ಒಂದೇ ಪರಮಪ್ರಸಾದವನ್ನು ಸ್ವೀಕರಿಸಿದ್ದವರು. ನ್ಯಾಮಾತ, ನ್ತರಾಮ ಮುಂತಾದ ಊರುಗಳಲ್ಲಿ ಜನರು ಜೀವ ಉಳಿಸಿಕೊಳ್ಳಲು ಓಡಿ ಬಂದದ್ದು ದೇವಾಲಯಗಳಿಗೆ. ಅವರನ್ನು ಕೊಂದದ್ದೂ ಅವುಗಳ ಒಳಗೇ. ಕೆಲವು ಗುರುಗಳೂ ಕನ್ಯಾಸ್ತ್ರೀಯರೂ ಆಶ್ರಿತರಿಗಾಗಿ ಪ್ರಾಣ ಕೊಟ್ಟರು. ಕೆಲವರು ಕೊಲೆಗಾರರ ಜೊತೆ ನಿಂತರು. 2017ರ ಮಾರ್ಚ್ 20ರಂದು ಜಗದ್ಗುರು ಫ್ರಾನ್ಸಿಸರು ರುವಾಂಡದ ಅಧ್ಯಕ್ಷರನ್ನು ಭೇಟಿಯಾದಾಗ, ಗುರುಗಳೂ ಧಾರ್ಮಿಕರೂ ಸೇರಿದಂತೆ ಧರ್ಮಸಭೆಯ ಸದಸ್ಯರ ಪಾಪಗಳಿಗಾಗಿ ದೇವರ ಕ್ಷಮೆಯನ್ನು ಬೇಡಿದರು. ಒಂದು ವಿಚಿತ್ರವನ್ನೂ ಹೇಳಬೇಕು: 2024ರಲ್ಲಿ ಅತಿ ಹೆಚ್ಚು ಶಾಂತಿಪಾಲಕರನ್ನು ಕಳುಹಿಸಿದ ನಾಲ್ಕು ರಾಷ್ಟ್ರಗಳಲ್ಲಿ ನೇಪಾಳ, ಬಾಂಗ್ಲಾದೇಶ, ಭಾರತಗಳ ಜೊತೆ ಅದೇ ರುವಾಂಡವೂ ಒಂದು.

ಧರ್ಮಸಭೆಗೂ ವಿಶ್ವಸಂಸ್ಥೆಗೂ ಇರುವ ನಂಟು ಹಳೆಯದು. ರಾಷ್ಟ್ರಗಳ ಮೇಲೂ ನೈತಿಕ ನಿಯಮವೊಂದಿದೆ, ಇಡೀ ಲೋಕವೇ ಒಂದು ಸಮುದಾಯ ಎಂದು ಸಲಮಾಂಕದ ಡೊಮಿನಿಕನ್ ಗುರು ಫ್ರಾನ್ಸಿಸ್ಕೊ ದೆ ವಿತೋರಿಯ ಅವರು ಹದಿನಾರನೆಯ ಶತಮಾನದಲ್ಲೇ ಬೋಧಿಸಿದರು. ಜಿನೀವಾದ ವಿಶ್ವಸಂಸ್ಥೆಯ ಭವನದಲ್ಲಿ ಒಂದು ಸಭಾಂಗಣಕ್ಕೆ ಅವರ ಹೆಸರಿದೆ. 1948ರ ಡಿಸೆಂಬರ್ 10ರಂದು ಪ್ಯಾರಿಸ್ಸಿನಲ್ಲಿ ಮಾನವ ಹಕ್ಕುಗಳ ಘೋಷಣೆ ಅಂಗೀಕಾರವಾಯಿತಲ್ಲವೆ? ಅದರ ಮೊದಲ ವಿಧಿಯಲ್ಲಿ ‘ಎಲ್ಲ ಪುರುಷರು’ ಎಂಬರ್ಥ ಬರಬಹುದಾಗಿದ್ದ ಪದವನ್ನು ‘ಎಲ್ಲ ಮಾನವರು’ ಎಂದು ತಿದ್ದಿಸಿದವರು ಭಾರತದ ಹಂಸಾ ಮೆಹ್ತಾ. ಅದರ ಹಿಂದಿನ ಚಿಂತನೆಯಲ್ಲಿ ಸಂತ ತೋಮಸ್ ಅಕ್ವಿನಾಸರ ಶಿಷ್ಯಪರಂಪರೆಯ ಕಥೋಲಿಕ ದಾರ್ಶನಿಕ ಜಾಕ್ ಮಾರಿತೇನರೂ ಇದ್ದರು. ಇಷ್ಟು ಭಿನ್ನ ಮತಗಳವರು ಒಂದೇ ಪಟ್ಟಿಯನ್ನು ಹೇಗೆ ಒಪ್ಪಿದರೆಂಬ ಬೆರಗಿಗೆ ಅವರು ಹೇಳುತ್ತಿದ್ದ ಕಥೆಯ ತಾತ್ಪರ್ಯವಿಷ್ಟು: ಹಕ್ಕುಗಳನ್ನೇನೋ ಒಪ್ಪಿದೆವು, ಏಕೆಂದು ಮಾತ್ರ ಕೇಳಬೇಡಿ. ಸೆಮಿನರಿಯಲ್ಲಿ ಇದನ್ನು ಓದಿದಾಗ ನಮಗೆ ನಗು ಬಂದಿತ್ತು. ತಳಹದಿಯನ್ನೇ ಒಪ್ಪದೆ ಮನೆ ಕಟ್ಟಲಾದೀತೇ ಎಂದು ವಾದಿಸಿದ್ದೆವು. ಇಂದು ಅನ್ನಿಸುತ್ತದೆ, ಮಳೆ ಸುರಿಯುತ್ತಿರುವಾಗ ಮೊದಲು ಮಾಡು ಹಾಕಿಕೊಂಡದ್ದು ತಪ್ಪಲ್ಲ.

ಜಗದ್ಗುರು ಇಪ್ಪತ್ತಮೂರನೆಯ ಜಾನ್ ಅವರು 1963ರ ‘ಭುವಿಯಲ್ಲಿ ಶಾಂತಿ’ ವಿಶ್ವಪತ್ರದಲ್ಲಿ ಆ ಘೋಷಣೆಯನ್ನು, ಕೆಲವರ ಆಕ್ಷೇಪಗಳಿವೆಯೆಂದು ಒಪ್ಪಿಕೊಂಡೇ, ಮಹತ್ವದ ಹೆಜ್ಜೆ ಎಂದು ಸ್ವಾಗತಿಸಿದರು. 1964ರಿಂದ ಪವಿತ್ರ ಪೀಠವು ವಿಶ್ವಸಂಸ್ಥೆಯ ಕಾಯಂ ವೀಕ್ಷಕ. ಸದಸ್ಯತ್ವವನ್ನು ಅದು ಬಯಸಲಿಲ್ಲ, ಆದ್ದರಿಂದ ಅದಕ್ಕೆ ಮತವಿಲ್ಲ, ಮಾತುಂಟು. 1965ರ ಅಕ್ಟೋಬರ್ 4ರಂದು ಜಗದ್ಗುರು ಆರನೆಯ ಪೌಲರು ಮಹಾಸಭೆಯಲ್ಲಿ ನಿಂತು ಯುದ್ಧ ಇನ್ನೆಂದಿಗೂ ಬೇಡವೆಂದು ಬೇಡಿಕೊಂಡರು. ಅಂದೂ ಸಂತ ಫ್ರಾನ್ಸಿಸರ ಹಬ್ಬವೇ. ಅವರ ನಂತರ ಎರಡನೆಯ ಜಾನ್ ಪೌಲ್, ಹದಿನಾರನೆಯ ಬೆನೆಡಿಕ್ಟ್, ಫ್ರಾನ್ಸಿಸ್ ಅವರೂ ಅದೇ ವೇದಿಕೆಯಿಂದ ಮಾತಾಡಿದರು.

ಮತ್ತೆ ಸೈಪ್ರಸ್ಸಿಗೆ. ಮೂರು ತಿಂಗಳಿಗೆಂದು ಹೋದ ಪಡೆ ಅರುವತ್ತು ವರ್ಷ ದಾಟಿದರೂ ಮರಳಿಲ್ಲ. 1974ರ ಯುದ್ಧದ ನಂತರ ದ್ವೀಪವನ್ನು ಅಡ್ಡಲಾಗಿ ಸೀಳಿದ ಸುಮಾರು 180 ಕಿಲೋಮೀಟರ್ ಉದ್ದದ ನಿಷೇಧಿತ ವಲಯದಲ್ಲಿ ನೀಲಿ ಟೊಪ್ಪಿಗೆಯವರು ಗಸ್ತು ತಿರುಗುತ್ತಾರೆ. ಅದನ್ನು ಸೋಲೆನ್ನುವವರುಂಟು, ರಾಜಿಯಾಗಿಲ್ಲವೆಂಬುದು ನಿಜ. ಅಂತಹ ಯುದ್ಧ ಮತ್ತೆ ಆಗಿಲ್ಲವೆಂಬುದೂ ಅಷ್ಟೇ ನಿಜ. ರಾಜಧಾನಿ ನಿಕೋಸಿಯಾದಲ್ಲಿ, ಪಾಫೋಸ್ ಬಾಗಿಲಿನ ಬಳಿ, ಆ ವಲಯದಲ್ಲೇ ನಮ್ಮ ಫ್ರಾನ್ಸಿಸ್ಕನ್ ಗುರುಗಳ ಪವಿತ್ರ ಶಿಲುಬೆಯ ದೇವಾಲಯವಿದೆ. 2010ರ ಜೂನಿನಲ್ಲಿ ಜಗದ್ಗುರು ಬೆನೆಡಿಕ್ಟರು ಅಲ್ಲಿ ಬಲಿಪೂಜೆ ಅರ್ಪಿಸಿದರು. 2021ರ ಡಿಸೆಂಬರಿನಲ್ಲಿ ಜಗದ್ಗುರು ಫ್ರಾನ್ಸಿಸರು ನೆಲೆ ಕಳೆದುಕೊಂಡ ವಲಸಿಗರೊಡನೆ ಅಲ್ಲಿ ಪ್ರಾರ್ಥಿಸಿದರು. ಅಲ್ಲಿಯೂ ಭಾನುವಾರ ವಿಶ್ವಾಸಿಗಳ ಪ್ರಾರ್ಥನೆ ನಡೆಯುತ್ತದೆ. ಮುಂದಿನ ಭಾನುವಾರ ಮೆಟ್ಟಿಲಲ್ಲಿ ಆ ಹಿರಿಯರು ಸಿಕ್ಕಾಗ ವೀಟೋದ ಮಾತಿಗಿಂತ ಮೊದಲು ಆ ದೇವಾಲಯದ ವಿಷಯವನ್ನೇ ಅವರಿಗೆ ಹೇಳಬೇಕೆಂದುಕೊಂಡಿದ್ದೇವೆ.